ಆಕ್ಸಲ್ ಬದಲಿಸಿದ ಭಾನುವಾರ

1999, ಮಾರ್ಚ್ 7, ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಂಪಲಾಪುರದಿಂದ ಒಳಗಿರುವ ನಮ್ಮ ಊರು. ನಮ್ಮ ಮನೆಯ ಹಿತ್ತಲು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದಿನ ಅಂಗಳ. ಹಾಜರಿದ್ದವರು ಮೂವರು: ನಾನು, ಕುರ್ಚಿಯಲ್ಲಿ ನನ್ನ ಯಜಮಾನರು, ಹುಣಸೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ಜೀಪ್ ಮೇಸ್ತ್ರಿ. ನಾಲ್ಕನೆಯವನು ನನ್ನ ಮೈದುನ. ಅವನನ್ನು ಯಾರೂ ಕರೆದಿರಲಿಲ್ಲ. ಎಂಟೂ ಹತ್ತಕ್ಕೆ ತಾನಾಗಿ ಬಂದ.

ಮೈಸೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸಾಗಿದ್ದೆ. ಅಲ್ಲಿ ಯಾವ ಕೆಲಸವನ್ನೂ ದಿನ, ಗಂಟೆ, ಹಾಜರಿದ್ದವರ ಹೆಸರು ಬರೆಯದೆ ಶುರುಮಾಡುತ್ತಿರಲಿಲ್ಲ. ಕತ್ತರಿ, ಚಿಮಟ, ಹತ್ತಿಬಟ್ಟೆ, ಒಳಗೆ ಹೋದದ್ದೆಲ್ಲ ಎಣಿಸಿ ಹೋಗಬೇಕು, ಹೊರಗೆ ಬಂದದ್ದೆಲ್ಲ ಎಣಿಸಿ ಬರಬೇಕು. ಎಣಿಕೆ ಕೂಡಲಿಲ್ಲವೆಂದರೆ ಹೊಲಿಗೆ ಹಾಕುವಂತಿಲ್ಲ, ಯಾರೂ ಕೋಣೆ ಬಿಟ್ಟು ಹೋಗುವಂತಿಲ್ಲ. ದೊಡ್ಡ ಡಾಕ್ಟರಾದರೂ ಕೈ ಕಟ್ಟಿಕೊಂಡು ನಿಲ್ಲಬೇಕು. ಆ ಭಾನುವಾರ ನಡೆದದ್ದು ತಿಳಿಯಬೇಕಾದರೆ ಈ ನಿಯಮ ಗೊತ್ತಿರಬೇಕು.

ಇನ್ನೊಂದು ಗೊತ್ತಿರಬೇಕಾದ್ದು ಜೀಪಿನ ಸಂಗತಿ. ಅದಕ್ಕೂ ಎರಡೂವರೆ ವರ್ಷದ ಹಿಂದೆ, ಸೊಪ್ಪು ಬೇಯಿಸುವ ಕಾಲದಲ್ಲಿ, ರಜೆಗೆ ಊರಿಗೆ ಬಂದಿದ್ದೆ. ಬೆಳಗಿನ ಜಾವ ಯಜಮಾನರಿಗೆ ಬಲಗೈ ಜೋಮು ಹಿಡಿಯಿತು, ತುಟಿ ಸೊಟ್ಟಗಾಯಿತು. ಲಕ್ವ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೀಪಿನಲ್ಲಿ ಮಲಗಿಸಿಕೊಂಡು ಹುಣಸೂರಿಗೆ ಹೊರಟೆ. ಓಡಿಸುತ್ತಿದ್ದವಳು ನಾನೇ. ಕೆರೆ ಏರಿಯ ಮೇಲೆ ಹಿಂದಿನ ಬಲಚಕ್ರ ಅದು ಕೂರುವ ಹಬ್ಬಿನ ಸಮೇತ ಕಳಚಿ ನಮ್ಮನ್ನು ದಾಟಿಕೊಂಡು ಮುಂದೆ ಉರುಳಿಹೋಯಿತು. ಇನ್ನೊಂದು ಗಾಡಿ ಸಿಗುವವರೆಗೆ ಸುಮಾರು ಮೂರು ಗಂಟೆ ಆ ಏರಿಯ ಮೇಲೆ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹೊರಟಾಗ ಅವರಿಗೆ ಮಾತಿತ್ತು. “ನಿಧಾನಕ್ಕೆ ಓಡ್ಸು” ಅಂದಿದ್ದರು. ಆಸ್ಪತ್ರೆ ಮುಟ್ಟಿದಾಗ ಮಾತಿರಲಿಲ್ಲ. ಬೇಗ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಡಾಕ್ಟರೂ ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ಆ ಮೂರು ಗಂಟೆಯಲ್ಲಿ ಒಂದೊಂದು ಅಕ್ಷರ ಬಿದ್ದುಹೋಗುತ್ತಿದ್ದುದನ್ನು ಕೇಳಿಸಿಕೊಂಡವಳು ನಾನು.

ಅಣ್ಣನನ್ನು ನೋಡಲು ಆಸ್ಪತ್ರೆಗೆ ಬಂದ ಮೈದುನ ಬಾಗಿಲಲ್ಲೇ ನಿಂತು ಹೋದ. ಊರಿಗೆ ಹೋಗಿ ಅರಳಿಕಟ್ಟೆಯ ಮೇಲೆ, ಹೆಂಗಸು ಕ್ಲಚ್ ಬಿಟ್ಟ ರಭಸಕ್ಕೆ ಆಕ್ಸಲ್ ಮುರೀತು ಎಂದ. ಒಂದು ಸಲ ಹೇಳಿ ಬಿಡಲಿಲ್ಲ. ಹಾಲಿನ ಡೇರಿಯ ಮುಂದೆ ಹೇಳಿದ, ಮದುವೆ ಮನೆಗಳಲ್ಲಿ ಹೇಳಿದ. ನಾನು ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದಾಗ, ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಕೆಟ್ಟದ್ದೇನೆಂದರೆ ನಾನೂ ಅದನ್ನು ಅರ್ಧ ನಂಬಿದ್ದೆ. ಏರಿ ಹತ್ತುವಾಗ ಕ್ಲಚ್ಚನ್ನು ಹೇಗೆ ಬಿಟ್ಟೆ ಎಂದು ನೆನಪಿಸಿಕೊಳ್ಳುತ್ತ ಎಷ್ಟೋ ದಿನ ಕಳೆದೆ. ಜೀಪು ಬ್ಯಾರನ್ನಿನ ಪಕ್ಕ ಮೂರು ಚಕ್ರ, ಒಂದು ಮರದ ದಿಮ್ಮಿಯ ಮೇಲೆ ನಿಂತಿತ್ತು. ಕಳಚಿದ ಚಕ್ರ, ಹಬ್ಬು, ಅದರೊಳಗೆ ಸಿಕ್ಕಿಕೊಂಡಿದ್ದ ಶಾಫ್ಟಿನ ಮುರುಕು, ಯಾವುದನ್ನೂ ಯಾರೂ ಮುಟ್ಟಿರಲಿಲ್ಲ.

ಕೊನೆಗೆ ಮುಟ್ಟಲೇಬೇಕಾಯಿತು. ಯಜಮಾನರನ್ನು ಬಸ್ಸು ಹತ್ತಿಸುವುದಕ್ಕಾಗುತ್ತಿರಲಿಲ್ಲ. ಪ್ರತಿಸಲವೂ ಮೈದುನನ ವ್ಯಾನು ಕೇಳಬೇಕು. ಅವನು ಪ್ರತಿಸಲವೂ ಅರ್ಧ ಗಂಟೆ ಕಾಯಿಸಿ, ನೀವು ಮಾತ್ರ ಸ್ಟೇರಿಂಗ್ ಮುಟ್ಟಬೇಡಿ ಅತ್ಗೆ ಎಂದು ನಗುತ್ತಿದ್ದ. ಹುಣಸೂರಿನ ಮೇಸ್ತ್ರಿಗೆ ಹೇಳಿಕಳಿಸಿದೆ. ಹಳೆಯ ಮಾದರಿಯ ಶಾಫ್ಟನ್ನೇ ಮತ್ತೆ ಹಾಕುವುದು ಬೇಡ, ಈಚಿನ ಜೀಪುಗಳಿಗೆ ಬರುವ ಗಟ್ಟಿ ಶಾಫ್ಟು ಹಾಕೋಣ ಎಂದು ಅವರೇ ಹೇಳಿದರು.

ಹಳೆಯ ಜೀಪುಗಳಲ್ಲಿ ಹಿಂದಿನ ಆಕ್ಸಲಿನ ಶಾಫ್ಟು ಬೇರೆ, ಚಕ್ರ ಕೂರುವ ಹಬ್ಬು ಬೇರೆ. ಶಾಫ್ಟಿನ ತುದಿ ಮೂಲಂಗಿಯ ಹಾಗೆ ಸಣ್ಣಗಾಗುತ್ತ ಹೋಗುತ್ತದೆ. ಅದರ ಮೇಲೆ ಹಬ್ಬು ಕೂರಿಸಿ, ಎರಡರ ನಡುವಿನ ಸಂದಿಗೆ ಒಂದು ಕಬ್ಬಿಣದ ಬೆಣೆ ಕೊಟ್ಟು, ದಪ್ಪ ನಟ್ಟಿನಿಂದ ಬಿಗಿಯುತ್ತಾರೆ. ಹೊಸ ಮಾದರಿಯಲ್ಲಿ ಶಾಫ್ಟು, ಚಕ್ರ ಕೂರುವ ತಟ್ಟೆ ಎರಡೂ ಒಂದೇ ತುಂಡು. ಬೆಣೆಯೂ ಇಲ್ಲ, ಸಂದಿಯೂ ಇಲ್ಲ. ಮೇಸ್ತ್ರಿ ಮೈಸೂರಿನಲ್ಲಿ ಹುಡುಕಿ, ನಮ್ಮ ಶಾಫ್ಟಿನಷ್ಟೇ ಹಲ್ಲು, ಅಷ್ಟೇ ಉದ್ದ ಇರುವ ಜೋಡಿ ತಂದಿದ್ದರು. ಅದಕ್ಕೆ ಹೊಂದುವ ಡ್ರಮ್ಮು, ಬೇರಿಂಗು, ಬ್ರೇಕಿನ ತಟ್ಟೆಗಳನ್ನೂ, ಎರಡೂವರೆ ವರ್ಷ ನಿಂತ ಗಾಡಿಗೆಂದು ಬ್ಯಾಟರಿಯನ್ನೂ ತಂದಿದ್ದರು.

ಅಂಗಳದಲ್ಲಿ ಎರಡು ಬಿಳಿ ಪಂಚೆ ಹಾಸಿದೆ. ಒಂದರ ಮೇಲೆ ಒಳಗೆ ಹೋಗುವುದು, ಇನ್ನೊಂದರ ಮೇಲೆ ಹೊರಗೆ ಬರುವುದು. ನೋಟ್ ಪುಸ್ತಕ ತೆಗೆದೆ. ಮೇಸ್ತ್ರಿ ಮೊದಲು ನಕ್ಕರು. ಏಳೂಕಾಲಿನ ಹೊತ್ತಿಗೆ ತಾವೇ “ನಾಕು ಬೋಲ್ಟು, ಬರ್ಕಳಿ ಸಿಸ್ಟರಮ್ಮ” ಎಂದು ಕೂಗಿ ಹೇಳುತ್ತಿದ್ದರು.

ಮೈದುನ ಬಂದಾಗ ಗಂಜಿ ಹಾಕಿದ ಬಿಳಿ ಷರಟು, ಬಿಳಿ ಪಂಚೆ ಉಟ್ಟಿದ್ದ. ಅಂದು ಸಂಜೆ ನಾಲ್ಕು ಗಂಟೆಗೆ ಹಾಲಿನ ಸಂಘದ ಅಧ್ಯಕ್ಷರ ಆಯ್ಕೆ. ನಾಲ್ಕರೊಳಗೆ ಖುದ್ದಾಗಿ ಹೋಗಿ ಅರ್ಜಿ ಕೊಡಬೇಕು. ಎದುರಿಗೆ ಒಬ್ಬನೇ ಇದ್ದ, ಮೈದುನ ಗೆಲ್ಲುವುದು ಖಂಡಿತ ಎಂದು ಊರೆಲ್ಲ ಮಾತಾಡುತ್ತಿತ್ತು. ಅಲ್ಲಿಯವರೆಗೆ ಹೊತ್ತು ಕಳೆಯಲು ನಮ್ಮ ಹಿತ್ತಲು ಸಿಕ್ಕಿತು. ಕಲ್ಲಿನ ಬೆಂಚಿನ ಮೇಲೆ ಕೂತು, ನಶ್ಯದ ಡಬ್ಬಿ ತೆಗೆದು ಅಣ್ಣನ ಎದುರಿಗೇ ಏರಿಸಿದ. ಅಣ್ಣನಿಗೆ ಮಾತಿದ್ದಾಗ ಹಾಗೆ ಮಾಡುತ್ತಿರಲಿಲ್ಲ. ಬ್ಯಾರನ್ನಿನ ಹಿಂದಕ್ಕೆ ಹೋಗಿ ಏರಿಸಿ ಮೂಗು ಒರೆಸಿಕೊಂಡು ಬರುತ್ತಿದ್ದ.

“ಆಕ್ಸಲ್ ಹೊಸದಾದ್ರೆ ಸಾಕಾ ಮೇಸ್ತ್ರಿ, ಡ್ರೈವರೂ ಹೊಸದು ತಂದಿದೀರಾ?” ಎಂದು ಕೇಳಿದ. ಮೇಸ್ತ್ರಿ ಬಿಚ್ಚಿದ ನಟ್ಟೊಂದನ್ನು ಪಂಚೆಯ ಮೇಲಿಟ್ಟರು. ನಾನು ಎಂಟನೆಯ ಸಾಮಾನು ಬರೆಯುತ್ತಿದ್ದೆ.

ಹನ್ನೊಂದೂ ಇಪ್ಪತ್ತಕ್ಕೆ ಮೇಸ್ತ್ರಿ ಬಲಗಡೆಯ ಹಬ್ಬನ್ನು ಕೊಂಡಿಯಲ್ಲಿ ಬಿಗಿದು ಎಳೆದು, ಒಳಗಿದ್ದ ಶಾಫ್ಟಿನ ಮುರುಕನ್ನು ಹೊರಕ್ಕೆ ತಂದರು. ಅದರ ಜೊತೆಗೇ ಬೆಣೆ ಬಂತು. ಬೆಣೆಗೆ ಅಂಟಿಕೊಂಡು ಕಿರುಬೆರಳಿನಷ್ಟು ಉದ್ದದ ಒಂದು ತಗಡಿನ ಚೂರೂ ಬಂತು. ಮೇಸ್ತ್ರಿ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ಬಿಸಿಲಿಗೆ ಹಿಡಿದರು. ಒಂದು ಬದಿಗೆ ಹಸಿರು ಬಣ್ಣ, ಅಂಚಿಗೆ ಹಳದಿ ಗೀರು, ಅರ್ಧ ತುಂಡಾದ ಒಂದು ಅಕ್ಷರ.

ನಮ್ಮ ಕಡೆ ಎತ್ತಿನ ಗಾಡಿಯ ಚಕ್ರ ಅಲ್ಲಾಡಿದರೆ ಸಂದಿಗೆ ತಗಡು ಕೊಡುವುದು ತಲೆತಲಾಂತರದ ಅಭ್ಯಾಸ. ಜೀಪು ಬಂದಮೇಲೆ ಜೀಪಿಗೂ ಅದನ್ನೇ ಮಾಡಿದರು. ಗಾಡಿ ಎತ್ತಿನ ನಡಿಗೆಯಲ್ಲಿ ಹೋಗುತ್ತದೆ, ತಗಡು ತಡೆಯುತ್ತದೆ. ಜೀಪಿಗೆ ತಡೆಯುವುದಿಲ್ಲ.

ಮೇಸ್ತ್ರಿ ಮುರುಕಿನ ಮುಖವನ್ನು ನನಗೆ ತೋರಿಸಿದರು. ಮುಕ್ಕಾಲು ಭಾಗ ನಯವಾಗಿ, ಕಪ್ಪಾಗಿ, ಕೊಯ್ದ ಮರದ ಕಾಂಡದ ಬಳೆಗಳ ಹಾಗೆ ಗೆರೆಗೆರೆಯಾಗಿತ್ತು. ಉಳಿದ ಕಾಲುಭಾಗ ಮಾತ್ರ ಒರಟಾಗಿ ಹರಳುಹರಳಾಗಿತ್ತು.

“ಇದು ಒಂದ್ ದಿನದಲ್ಲಿ ಮುರಿದಿದ್ದಲ್ಲ ಕಣಮ್ಮ,” ಎಂದರು. “ಹಬ್ಬು ಅಳ್ಳಾಡ್ತಿತ್ತು ಅಂತ ಯಾರಿಗೋ ಗೊತ್ತಿತ್ತು. ತಗಡು ಕೊಟ್ಟು ನಟ್ಟು ಬಿಗಿದು ಸುಮ್ಕಾಗವ್ರೆ. ಆಡಿ ಆಡಿ ಶಾಫ್ಟು ಬಿರುಕು ಬಿಟ್ಟದೆ. ಕಾಲುಭಾಗದ ಮೇಲೆ ನಿಂತಿತ್ತು ಅಷ್ಟೆ. ಅವತ್ತು ಯಾರು ಓಡ್ಸಿದ್ರೂ ಮುರೀತಿತ್ತು.”

ಯಾರು ಓಡಿಸಿದ್ದರೂ. ಅದೇ ಮಾತನ್ನು ಇನ್ನೊಂದು ಸಲ ಹೇಳಿ ಎಂದು ಕೇಳಿದೆ. ಅವರು ಹೇಳಿದರು.

ಅದು ನಶ್ಯದ ಡಬ್ಬಿಯಿಂದ ಕತ್ತರಿಸಿದ ತಗಡು. ಆ ಹಸಿರು ಹಳದಿ ಡಬ್ಬಿಯ ನಶ್ಯವನ್ನು ಊರಿನಲ್ಲಿ ಏರಿಸುತ್ತಿದ್ದವನು ನನ್ನ ಮೈದುನ ಒಬ್ಬನೇ. ಮಡಿಕೇರಿ ಕಡೆಯಿಂದ ತರಿಸಿಕೊಳ್ಳುತ್ತಿದ್ದ. ಯಜಮಾನರಿಗೆ ಹಾಗಾಗುವುದಕ್ಕೆ ಮುಂಚಿನ ವಾರ ಜೀಪನ್ನು ನಾಲ್ಕು ದಿನ ತೆಗೆದುಕೊಂಡು ಹೋಗಿ ತನ್ನ ಬ್ಯಾರನ್ನಿಗೆ ಸೌದೆ ಹೊಡೆದವನೂ ಅವನೇ. ತಂದು ನಿಲ್ಲಿಸಿದಾಗ ಕೀಲಿಕೈ ಮೊಳೆಗೆ ಹಾಕಿ ಹೋಗಿದ್ದ, ಏನೂ ಹೇಳಿರಲಿಲ್ಲ. ನಾನು ಬೆಂಚಿನ ಕಡೆ ನೋಡಲಿಲ್ಲ. ಪುಸ್ತಕದಲ್ಲಿ ಬರೆದೆ: ಹದಿನಾಲ್ಕು, ತಗಡಿನ ಚೂರು, ಹಸಿರು ಬಣ್ಣ, ಒಂದು. ಅದನ್ನು ಪಂಚೆಯ ಮೇಲೆ ಬೆಣೆಯ ಪಕ್ಕ ಇಟ್ಟೆ. ಮೈದುನ ನಶ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಎದ್ದು ಹೋಗಲಿಲ್ಲ.

ಹನ್ನೆರಡೂವರೆಗೆ ಊಟ. ಮೇಸ್ತ್ರಿ ಕೈ ತೊಳೆಯಲು ಬಚ್ಚಲಿಗೆ ಹೋದರು, ನಾನು ಮುದ್ದೆ ತರಲು ಒಳಗೆ ಹೋದೆ. ನಾಲ್ಕೈದು ನಿಮಿಷ ಅಂಗಳದಲ್ಲಿ ಅಣ್ಣತಮ್ಮ ಇಬ್ಬರೇ ಇದ್ದರು. ತಟ್ಟೆ ಹಿಡಿದು ಬಂದಾಗ ಯಜಮಾನರು ಎಡಗೈಯಿಂದ ಕುರ್ಚಿಯ ತೋಳನ್ನು ಬಡಿಯುತ್ತಿದ್ದರು. ಹತ್ತಿರ ಹೋದೆ. ಪಂಚೆಯ ಕಡೆ ಕಣ್ಣು ಹೊರಳಿಸಿ, ಎಡಗೈಯ ಎರಡು ಬೆರಳು ಸೇರಿಸಿ ಮೂಗಿಗೆ ತಂದರು. ನೋಡಿದೆ, ಬೆಣೆಯ ಪಕ್ಕ ಖಾಲಿ. ತಮ್ಮ ಅದನ್ನು ನಶ್ಯದ ಡಬ್ಬಿಗೆ ಹಾಕಿಕೊಂಡಿದ್ದಾನೆ ಎಂದು ಅವರು ಹೇಳುತ್ತಿದ್ದರು. ಮಾತು ಬರದವನ ಸಾಕ್ಷಿಗೆ ಯಾರು ಹೆದರುತ್ತಾರೆ? ಅಣ್ಣನ ಕಣ್ಣೆದುರಿಗೇ ತೆಗೆದಿದ್ದ.

ಅವರ ಭುಜದ ಮೇಲೆ ಕೈಯಿಟ್ಟು, ಆಯ್ತು ಸುಮ್ಮನಿರಿ, ಊಟ ಮಾಡಿ ಎಂದೆ. ತುತ್ತು ತಿನ್ನಿಸುತ್ತ ಯೋಚಿಸಿದೆ. ಆಗಲೇ ಡಬ್ಬಿ ತೆಗೆ ಎನ್ನಬಹುದಿತ್ತು. ಅವನು ತಮಾಷೆಗೆ ತೆಗೆದೆ ಎಂದು ನಕ್ಕು, ಕೊಟ್ಟು, ಮೂರು ಗಂಟೆಗೆ ಹೋಗಿ ಅಧ್ಯಕ್ಷನಾಗುತ್ತಿದ್ದ. ಅಧ್ಯಕ್ಷನ ಮಾತಿನ ಮುಂದೆ ಒಂದು ತಗಡಿನ ಚೂರು ಎಷ್ಟು ದಿನ ನಿಲ್ಲುತ್ತಿತ್ತು? ಏರಿಯ ಮೇಲೆ ನಾವು ಕೂತ ಹಾಗೆ ಇವನೂ ಒಂದು ಸಲ ಕೂರಲಿ, ಹೋಗಬೇಕಾದ ಕಡೆ ಹೋಗಲಾಗದೆ ಗಡಿಯಾರ ನೋಡಿಕೊಂಡು ಕೂರಲಿ ಅನ್ನಿಸಿತು. ಮುದ್ದೆಯ ಕೊನೆಯ ತುತ್ತಿನ ಹೊತ್ತಿಗೆ ನಿರ್ಧಾರ ಮಾಡಿಯಾಗಿತ್ತು.

ಒಂದೂವರೆಗೆ ಎಣಿಕೆ ಎಂದು ಹೇಳಿದೆ. ಪುಸ್ತಕ ನೋಡಿ ಒಂದೊಂದಾಗಿ ಓದಿದೆ, ಮೇಸ್ತ್ರಿ ಮುಟ್ಟಿ ತೋರಿಸಿದರು. ಹದಿನಾಲ್ಕು ಇಲ್ಲ. ಮತ್ತೆ ಓದಿದೆ. ಇಲ್ಲ. ಆಕ್ಸಲಿನ ನಡುವಿನ ದುಂಡನೆಯ ಹೌಸಿಂಗು ತೆರೆದೇ ಇತ್ತು. ತಗಡು ಅದರೊಳಗೆ ಬಿದ್ದಿದ್ದರೆ ಏನಾಗುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದೆ. ಬೇರಿಂಗಿಗೆ ಸಿಕ್ಕರೆ ಹೊಸ ಸಾಮಾನೆಲ್ಲ ಹಾಳು ಎಂದರು. ಹಾಗಾದರೆ ಸಿಗುವವರೆಗೆ ಮುಚ್ಚುವುದಿಲ್ಲ, ಯಾರೂ ಹೊರಗೆ ಹೋಗುವುದೂ ಇಲ್ಲ ಎಂದೆ. ಹಿತ್ತಲ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಗೇಟಿನ ಪಕ್ಕದ ಮೊಳೆಗೇ ನೇತುಹಾಕಿದೆ. ಹೋಗುವವರು ಹೋಗಬಹುದು, ಹೋಗುವ ಮುಂಚೆ ಜೇಬು ತೋರಿಸಬೇಕು, ಅಷ್ಟೆ. ಮೊದಲು ನಾನು ಸೆರಗು ಕೊಡವಿ ಸೊಂಟದ ಕೈಚೀಲ ತಿರುವಿ ತೋರಿಸಿದೆ. ಮೇಸ್ತ್ರಿ ಜೇಬು ಹೊರಗೆಳೆದರು: ಒಂದು ಸ್ಪ್ಯಾನರು, ಬಸ್ಸಿನ ಚೀಟಿ, ಬೀಡಿ ಕಟ್ಟು.

ಮೈದುನ ಎದ್ದು ನಿಂತ. “ನನ್ನ ಕಳ್ಳ ಅಂತೀರಾ ಅತ್ಗೆ?”

“ಇನ್ನೂ ಅಂದಿಲ್ಲ ಕಣಪ್ಪ. ಕೂತ್ಕೊ.”

ಕೂತ. ನಾವು ಕೆಲಸ ಮುಂದುವರಿಸಿದೆವು. ಹೌಸಿಂಗು ಬಿಟ್ಟು ಉಳಿದದ್ದೆಲ್ಲ ಇತ್ತಲ್ಲ. ಎಡಗಡೆಯ ಬೇರಿಂಗು, ಬ್ರೇಕಿನ ತಟ್ಟೆ, ಪೈಪು. ನಡುನಡುವೆ ನಾನು ಹುಲ್ಲು ಕೆದಕಿ, ಕಸ ಗುಡಿಸಿ ತಗಡು ಹುಡುಕುವವಳ ಹಾಗೆ ಮಾಡುತ್ತಿದ್ದೆ. ಒಂದು ಸಲ ಅವನ ಕಾಲ ಬುಡದಲ್ಲೂ ಗುಡಿಸಿ, ಸ್ವಲ್ಪ ಕಾಲೆತ್ತಪ್ಪ ಎಂದೆ. ಎತ್ತಿದ.

ಎರಡೂವರೆಯ ಹೊತ್ತಿಗೆ ಅವನು ಮೂಗು ಉಜ್ಜಿಕೊಳ್ಳತೊಡಗಿದ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಏಳು ಸಲ ನಶ್ಯ ಏರಿಸಿದ್ದವನು ಊಟದ ನಂತರ ಒಂದು ಸಲವೂ ಏರಿಸಿರಲಿಲ್ಲ. ಡಬ್ಬಿ ತೆರೆಯುವ ಹಾಗಿರಲಿಲ್ಲವಲ್ಲ. ಮೇಸ್ತ್ರಿಗೂ ಆ ಹೊತ್ತಿಗೆ ವಿಷಯ ಗೊತ್ತಾಗಿತ್ತು.

“ಯಜಮಾನ್ರೆ, ಒಂದ್ ಚಿಟಿಕೆ ನಶ್ಯ ಕೊಡಿ, ನಗಡಿ ಹಿಡ್ಕಂಡದೆ,” ಎಂದು ಮೈದುನನ ಮುಂದೆ ಕೈಯೊಡ್ಡಿದರು.

“ಮುಗಿದೋಯ್ತು.”

“ಬೆಳಿಗ್ಗೆ ತುಂಬಿತ್ತಲ್ಲಾ.”

“ಮುಗಿದೋಯ್ತು ಅಂದ್ನಲ್ಲ.”

ಯಜಮಾನರ ಗಂಟಲಿಂದ ಒಂದು ಸದ್ದು ಬಂತು. ಕೆಮ್ಮು ಅಂದುಕೊಂಡು ಓಡಿದೆ. ಕೆಮ್ಮಲ್ಲ, ನಗುತ್ತಿದ್ದರು. ತುಟಿಯ ಒಂದೇ ಬದಿ ನಗುತ್ತಿತ್ತು.

ಮೂರೂ ಹತ್ತಕ್ಕೆ ಡೇರಿಯ ಸೆಕ್ರೆಟರಿ ಗೇಟಿನ ಆಚೆ ಬಂದು ನಿಂತ. ಅಧಿಕಾರಿ ಬಂದಿದ್ದಾರೆ, ಅರ್ಜಿ ಕೊಡಲು ಬನ್ನಿ ಎಂದು ಮೈದುನನನ್ನು ಕರೆದ. ಬತ್ತೀನಿ ನಡಿ ಎಂದ ಮೈದುನ. ನಾನು ಸೆಕ್ರೆಟರಿಗೆ ಎಲ್ಲ ವಿವರವಾಗಿ ತಿಳಿಸಿದೆ: ಶಾಫ್ಟಿನ ಬಿರುಕು, ಬೆಣೆಗೆ ಕೊಟ್ಟಿದ್ದ ತಗಡು, ತಗಡಿನ ಬಣ್ಣ, ಅದು ಊಟದ ಹೊತ್ತಿನಲ್ಲಿ ಕಾಣೆಯಾದದ್ದು, ಇಬ್ಬರು ಜೇಬು ತೋರಿಸಿದ್ದು, ಒಬ್ಬರು ತೋರಿಸಬೇಕಾಗಿರುವುದು. ಸೆಕ್ರೆಟರಿ ಕಂಬಿಗಳ ಸಂದಿಯಿಂದ ಮೈದುನನ ಎದೆಯ ಜೇಬನ್ನೇ ನೋಡಿದ. ಬಿಳಿ ಷರಟಿನೊಳಗೆ ಡಬ್ಬಿಯ ಹಸಿರು ಚೆನ್ನಾಗಿಯೇ ಕಾಣುತ್ತಿತ್ತು.

ಸೆಕ್ರೆಟರಿ ಹೋಗಿ, ಮೂರೂ ನಲವತ್ತಕ್ಕೆ ಮತ್ತೆ ಬಂದ. ಜೊತೆಗೆ ಇನ್ನೂ ನಾಲ್ಕು ಜನ ಬಂದಿದ್ದರು. ಮೈದುನ ಮೂರು ಸಲ ಎದ್ದ. ಒಂದು ಸಲ ಬೀಗದ ಕೈಯನ್ನು ಮುಟ್ಟಿಯೂ ಮುಟ್ಟಿದ. ಗೇಟಿನ ಆಚೆಯವರನ್ನು ನೋಡಿ ಕೈ ಹಿಂದಕ್ಕೆ ತೆಗೆದ. ಜೇಬು ತೋರಿಸದೆ ಹೋದರೆ ಕಳ್ಳ, ತೋರಿಸಿದರೂ ಕಳ್ಳ. ಬೆವರಿಗೆ ಗಂಜಿಯೆಲ್ಲ ಇಳಿದು ಷರಟು ಮೈಗೆ ಅಂಟಿಕೊಂಡಿತು. ನಾನು ಗಡಿಯಾರವನ್ನು ಬಿಚ್ಚಿ ಪಂಚೆಯ ಮೇಲೆ, ಹದಿನಾಲ್ಕನೆಯ ಸಾಮಾನು ಇರಬೇಕಾದ ಜಾಗದಲ್ಲಿ, ಅವನಿಗೆ ಕಾಣುವ ಹಾಗೆ ಇಟ್ಟೆ.

ನಾಲ್ಕೂ ಐದಕ್ಕೆ ಯಾರೋ ಬಂದು ಎದುರಾಳಿಯೇ ಅವಿರೋಧವಾಗಿ ಆಯ್ಕೆಯಾದ ಎಂದು ಗೇಟಿನಲ್ಲಿ ಹೇಳಿದರು.

ಆಗ ಯಜಮಾನರು ಎಡಗೈ ಚಾಚಿದರು. ಅಂಗೈ ಮೇಲೆ ಮಾಡಿ ತಮ್ಮನ ಕಡೆಗೆ ಚಾಚಿ ಹಾಗೇ ಹಿಡಿದುಕೊಂಡರು. ಮೈದುನ ಎದ್ದು ಬಂದು, ಡಬ್ಬಿಯನ್ನು ಅಣ್ಣನ ಅಂಗೈಯಲ್ಲಿಟ್ಟ. ಒಂದು ಕೈಯಲ್ಲಿ ಮುಚ್ಚಳ ತೆರೆಯಲು ಅವರಿಗಾಗುವುದಿಲ್ಲ, ನಾನು ತೆರೆದೆ. ನಶ್ಯದೊಳಗೆ ತಗಡಿತ್ತು. ಒರೆಸಿ, ಡಬ್ಬಿಯ ಪಕ್ಕಕ್ಕೆ ಹಿಡಿದು ಗೇಟಿನವರಿಗೆಲ್ಲ ತೋರಿಸಿದೆ. ಅದೇ ಹಸಿರು, ಅದೇ ಹಳದಿ ಗೀರು. ಪುಸ್ತಕದಲ್ಲಿ ಸಿಕ್ಕ ಜಾಗ, ಸಿಕ್ಕ ಗಂಟೆ ಬರೆದು, ಕಂಬಿಯ ಸಂದಿಯಿಂದ ಪುಸ್ತಕ ಚಾಚಿ ಸೆಕ್ರೆಟರಿಯ ಸಹಿ ಹಾಕಿಸಿದೆ.

“ಸೊಪ್ಪು ಬ್ಯಾರನ್ನಲ್ಲಿ ಬೇಯ್ತಾ ಇತ್ತು ಅತ್ಗೆ,” ಎಂದ ಮೈದುನ. “ಸೌದೆ ನಿಂತ್ರೆ ಅಷ್ಟೂ ಹೋಗೋದು. ಅದಕ್ಕೆ ತಗಡು ಕೊಟ್ಟೆ.”

“ತಗಡು ಕೊಟ್ಟಿದ್ದಕ್ಕಲ್ಲ. ಕೊಟ್ಟಿದೀನಿ ಅಂತ ಒಂದು ಮಾತು ಹೇಳ್ಬೋದಿತ್ತು. ಏರಿ ಮೇಲೆ ಹೋಗೋದಕ್ಕೆ ಮುಂಚೆ ಹೇಳ್ಬೋದಿತ್ತು. ಆಮೇಲಾದ್ರೂ ಹೇಳ್ಬೋದಿತ್ತು.”

ಅವನು ಅಣ್ಣನ ಕಾಲು ಮುಟ್ಟಲು ಬಗ್ಗಿದ. ಯಜಮಾನರು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡರು. ಬಲಗಾಲು ಎಳೆದುಕೊಳ್ಳಲು ಬರುವುದಿಲ್ಲ. ಅದನ್ನು ನಾನೇ ಪಕ್ಕಕ್ಕೆ ಸರಿಸಿದೆ. ಬೀಗ ತೆಗೆದೆ. ಜನರ ನಡುವೆ ಅವನು ತಲೆ ತಗ್ಗಿಸಿ ಹೋದ. ಕಾಫಿ ಕುಡಿದು ಹೋಗು ಎಂದು ನಾನು ಹೇಳಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದಮೇಲೆ ಹಾಗೆ ಹೇಳದೆ ಯಾರನ್ನಾದರೂ ಕಳಿಸಿದ್ದು ಅದೇ ಮೊದಲು.

ಎರಡೂವರೆ ಗಂಟೆ ಒಬ್ಬ ಮನುಷ್ಯನನ್ನು ಹಾಗೆ ಬೇಯಿಸಬಾರದಿತ್ತು ಎಂದು ಆಮೇಲೆ ನನ್ನ ತಂಗಿ ಹೇಳಿದಳು. ಏರಿಯ ಮೇಲೆ ಕಳೆದದ್ದು ಮೂರು ಗಂಟೆ. ಅರ್ಧ ಗಂಟೆ ಅವನಿಗೆ ಬಿಟ್ಟುಕೊಟ್ಟಿದ್ದೇನೆ ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಎಣಿಕೆ ಕೂಡಿತು. ನಾಲ್ಕೂ ಮೂವತ್ತೈದಕ್ಕೆ ಮೇಸ್ತ್ರಿ ಹೌಸಿಂಗನ್ನು ಇನ್ನೊಂದು ಸಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರು. ಹೊಸ ಶಾಫ್ಟುಗಳು ಎರಡೂ ಕಡೆಯಿಂದ ಒಳಗೆ ಹೋಗಿ ಹಲ್ಲಿಗೆ ಹಲ್ಲು ಕೂತವು. ಹೊಸ ಪ್ಯಾಕಿಂಗಿಟ್ಟು ಮುಚ್ಚಳ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಗೇರ್ ಎಣ್ಣೆ ತುಂಬಿಸಿದೆವು. ಆರು ಗಂಟೆಗೆ ನಾಲ್ಕು ಚಕ್ರವೂ ನೆಲ ಮುಟ್ಟಿದವು. ಯಜಮಾನರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎದೆಗೆ ಅಡ್ಡಲಾಗಿ ಟವಲು ಕಟ್ಟಿ, ನಾನೇ ಸ್ಟೇರಿಂಗ್ ಹಿಡಿದೆ. ಮೇಸ್ತ್ರಿ ಹಿಂದೆ ಕೂತು ಸದ್ದು ಕೇಳಿಸಿಕೊಂಡರು. ಡೇರಿಯ ಮುಂದೆ ಜನ ಇನ್ನೂ ಇದ್ದರು. ಅಲ್ಲಿ ಎರಡನೇ ಗೇರಿನಲ್ಲಿ ನಿಧಾನವಾಗಿಯೇ ಹೋದೆ, ಎಲ್ಲರೂ ನೋಡಲಿ ಎಂದು. ಕೆರೆ ಏರಿಯನ್ನು ಹತ್ತಿ, ಆ ತುದಿಯಲ್ಲಿ ತಿರುಗಿಸಿಕೊಂಡು ಬಂದೆವು.

ಹೊಸದಾಗಿ ಕೂರಿಸಿದ ಚಕ್ರದ ನಟ್ಟು ಒಂದು ಓಟದ ನಂತರ ಸ್ವಲ್ಪ ಸಡಿಲಗೊಳ್ಳುತ್ತದೆ, ಮತ್ತೆ ಬಿಗಿಯಬೇಕು ಎಂದು ಮೇಸ್ತ್ರಿ ಹೇಳಿ ಸ್ಪ್ಯಾನರು ತೆಗೆದುಕೊಂಡರು. ಅದನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರಿಗೆ ಕಡೇ ಬಸ್ಸಿಗೆ ಹೊತ್ತಾಗಿತ್ತು. ಹಿಂದಿನ ಎರಡು ಚಕ್ರದ ಹತ್ತು ನಟ್ಟುಗಳನ್ನೂ ನಾನೇ ಕಾಲಿನಿಂದ ಒದ್ದು ಒದ್ದು ಬಿಗಿದೆ. ಆರೂ ಐವತ್ತಕ್ಕೆ ಮುಗಿಯಿತು.